ಪದ ಪರಿಚಯ: ಗಿಡವಿರುವ ಅಕ್ವೇರಿಯಂನಲ್ಲಿ ‘ಪಾಚಿ’

ಮಳೆಗಾಲದಲ್ಲಿ ಮಲೆನಾಡಿನ ಅಂಗಳದ ಕಲ್ಲಿನ ಮೇಲೆ ಕಾಲು ಜಾರಿಸುವುದೂ ಪಾಚಿ, ಹಳೆಯ ಬಾವಿಯ ಗೋಡೆಗೆ ಅಂಟಿಕೊಂಡಿರುವುದೂ ಪಾಚಿ, ಬೇಸಿಗೆಯಲ್ಲಿ ಕೆರೆಯ ನೀರನ್ನು ಹಸಿರಾಗಿಸುವುದೂ ಪಾಚಿ. ಪಠ್ಯಪುಸ್ತಕಗಳು ಶೈವಲ (ಆಲ್ಗೀ), ಹಾವಸೆ (ಮಾಸ್) ಎಂದು ಬೇರ್ಪಡಿಸಿ ಹೇಳಿದರೂ ಬಳಕೆಯ ಮಾತಿಗೆ ಆ ಭೇದ ಬೇಕಾಗಿಲ್ಲ. ಗಾಜಿನ ತೊಟ್ಟಿಯಲ್ಲಿ ಗಿಡ ಬೆಳೆಸುವವರಿಗೆ ಮಾತ್ರ ಪದದ ಈ ಔದಾರ್ಯ ತೊಂದರೆ ಕೊಡುತ್ತದೆ. ಅಂಗಡಿಯಲ್ಲಿ ಹಣ ಕೊಟ್ಟು ತಂದು ಮರದ ತುಂಡಿಗೆ ದಾರದಿಂದ ಕಟ್ಟುವ ಜಾವಾ ಮಾಸ್ ನಮ್ಮ ಬಾಯಲ್ಲಿ ಪಾಚಿಯೇ; ಅದೇ ತುಂಡಿನಿಂದ ಹಲ್ಲುಜ್ಜುವ ಬ್ರಷ್ ಹಿಡಿದು ಉಜ್ಜಿ ತೆಗೆಯುವುದೂ ಪಾಚಿಯೇ. ಮೊದಲನೆಯದು ಹಾವಸೆ ಜಾತಿಯ ಸಸ್ಯ. ಎರಡನೆಯದು ಬೇರು, ಕಾಂಡ, ಎಲೆಗಳಿಲ್ಲದೆ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ, ಒಂದಕ್ಕೊಂದು ಅಷ್ಟೇನೂ ಹತ್ತಿರದ ಸಂಬಂಧವಿಲ್ಲದ ಹಲವು ಜೀವಿಗಳ ಗುಂಪು. ಈ ಬರಹದಲ್ಲಿ ಪಾಚಿ ಎಂದರೆ ಆ ಎರಡನೆಯದು.

ಗುಂಪಿನೊಳಗಿನ ಭೇದ ತಿಳಿಯದೆ ಮಾಡಿದ ಉಪಾಯ ಹೆಚ್ಚಾಗಿ ವ್ಯರ್ಥವಾಗುತ್ತದೆ. ಹೊಸ ತೊಟ್ಟಿಯ ಮೊದಲ ವಾರಗಳಲ್ಲಿ ಗಾಜಿನ ಮೇಲೂ ಮರಳಿನ ಮೇಲೂ ಧೂಳಿನಂತೆ ಕೂರುವ ಕಂದು ಪೊರೆ ಡಯಾಟಂಗಳದ್ದು. ಸಿಲಿಕಾದ ಕವಚವಿರುವ ಈ ಏಕಕೋಶ ಜೀವಿಗಳು ತೊಟ್ಟಿ ಹಳೆಯದಾದಂತೆ ಸಾಮಾನ್ಯವಾಗಿ ತಾವೇ ಹಿಂದೆ ಸರಿಯುತ್ತವೆ. ಎಲೆಯಂಚಿನಲ್ಲಿ ಮೀಸೆಯಂತೆ ಬೆಳೆಯುವ ಕಪ್ಪು ಕುಚ್ಚು ಕಣ್ಣಿಗೆ ಕಪ್ಪಾಗಿ ಕಂಡರೂ ಕೆಂಪು ಶೈವಲಗಳ ಕುಲಕ್ಕೆ ಸೇರಿದ್ದು. ಒಂದು ಎಳೆಯನ್ನು ಸ್ಪಿರಿಟ್‌ನಲ್ಲಿ ಅದ್ದಿಟ್ಟರೆ ಹಸಿರು ವರ್ಣ ಕರಗಿಹೋಗಿ ಕೆಂಪು ಉಳಿಯುತ್ತದೆ. ಗಿಡಗಳ ಬೆಳವಣಿಗೆಗೆಂದು ತೊಟ್ಟಿಗೆ ಕೊಡುವ ಕಾರ್ಬನ್ ಡೈಆಕ್ಸೈಡ್ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಆಗುವಲ್ಲಿ ಇದು ಹೆಚ್ಚಾಗಿ ಕಾಣಿಸುತ್ತದೆಂಬುದು ಗಿಡ ಬೆಳೆಸುವವರ ಅನುಭವ. ನೆಲದ ಮೇಲೆ ಲೋಳೆಯ ಹಾಳೆಯಂತೆ ಹರಡಿ, ಕೆಟ್ಟ ವಾಸನೆ ಸೂಸಿ, ಬೆರಳಿನಿಂದ ಎತ್ತಿದರೆ ಇಡಿಯಾಗಿ ಕಳಚಿ ಬರುವ ನೀಲಿ-ಹಸಿರು ಪೊರೆಯಂತೂ ಶೈವಲವೇ ಅಲ್ಲ. ಅದು ಸಯನೋಬ್ಯಾಕ್ಟೀರಿಯಾ, ಅಂದರೆ ಬ್ಯಾಕ್ಟೀರಿಯಾದ ಒಂದು ಬಗೆ. ಬೇರೆ ಪಾಚಿಗೆ ನಾಟದ ಎರಿತ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಇದಕ್ಕೆ ನಾಟುವುದು ಆ ಕಾರಣಕ್ಕೇ. ಹಾಗೆಂದು ಮನುಷ್ಯರ ಔಷಧವನ್ನು ಮೀನಿನ ತೊಟ್ಟಿಗೆ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಕೊಳವೆಯಿಂದ ಪೊರೆಯನ್ನು ಹೀರಿ ತೆಗೆದು, ನಿಂತ ನೀರಿಗೆ ಹರಿವು ಕೊಟ್ಟು, ಮೂರು-ನಾಲ್ಕು ದಿನ ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸಿದರೆ ಬಹಳಷ್ಟು ಸಲ ಅಷ್ಟೇ ಸಾಕಾಗುತ್ತದೆ.

ಪಾಚಿ ಏಕೆ ಬರುತ್ತದೆ ಎಂದು ಕೇಳಿದರೆ ‘ಫಾಸ್ಫೇಟ್ ಹೆಚ್ಚಾಗಿದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೆರೆಗಳ ಮಟ್ಟಿಗೆ ಈ ಮಾತಿಗೆ ಗಟ್ಟಿ ಆಧಾರವಿದೆ. 1973ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಸರೋವರ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 226 ಎಂಬ ಸಂಖ್ಯೆಯ ಸರೋವರವನ್ನು ನಡುವೆ ಪರದೆ ಕಟ್ಟಿ ಎರಡು ಪಾಲು ಮಾಡಿ, ಎರಡಕ್ಕೂ ಕಾರ್ಬನ್ ಮತ್ತು ನೈಟ್ರೋಜನ್ ಸೇರಿಸಿ, ಒಂದಕ್ಕೆ ಮಾತ್ರ ಫಾಸ್ಫೇಟಿನ ಮೂಲಧಾತುವಾದ ಫಾಸ್ಫರಸ್ಸನ್ನೂ ಕೊಟ್ಟರು. ಫಾಸ್ಫರಸ್ ಬಿದ್ದ ಪಾಲು ಹಸಿರುಗಟ್ಟಿತು. ಬೆಳ್ಳಂದೂರು ಕೆರೆಯ ನೊರೆಯನ್ನು ಕಂಡ ಬೆಂಗಳೂರಿನವರಿಗೆ ಒಳಚರಂಡಿ ಮತ್ತು ಸೋಪಿನ ನೀರು ಸೇರಿದ ಕೆರೆಯ ಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ದಟ್ಟವಾಗಿ ಗಿಡ ನೆಟ್ಟ ತೊಟ್ಟಿಯ ಸ್ಥಿತಿ ಬೇರೆ. ಅಲ್ಲಿ ಫಾಸ್ಫೇಟನ್ನು ಪೂರ್ತಿ ಹಿಂಡಿ ತೆಗೆದರೆ ಮೊದಲು ಸೊರಗುವುದು ಗಿಡ. ಗಾಜಿಗೂ ಅನುಬಿಯಾಸ್‌ನಂಥ ನಿಧಾನ ಬೆಳೆಯುವ ಗಿಡಗಳ ಎಲೆಗೂ ಚುಕ್ಕಿಚುಕ್ಕಿಯಾಗಿ ಅಂಟುವ ಹಸಿರು ಪಾಚಿಯಾದರೋ ಫಾಸ್ಫೇಟ್ ಕೊರತೆಯಿರುವ ತೊಟ್ಟಿಗಳಲ್ಲೇ ಹೆಚ್ಚು ಕಾಣಿಸುತ್ತದೆ. ಯಾವ ಪೋಷಕಾಂಶ ಅಗತ್ಯಕ್ಕಿಂತ ಕಡಿಮೆಯಿದೆಯೋ ಅದೇ ಬೆಳವಣಿಗೆಯ ಮಿತಿಯಾಗುತ್ತದೆ ಎಂಬ, ಜರ್ಮನ್ ರಸಾಯನಶಾಸ್ತ್ರಜ್ಞ ಲೀಬಿಗ್‌ನ ನಿಯಮ ಹೊಲದ ಬೆಳೆಗೆ ಹೇಗೋ ತೊಟ್ಟಿಯ ವ್ಯಾಲಿಸ್ನೇರಿಯಾ ಗಿಡಕ್ಕೂ ಹಾಗೆಯೇ ಅನ್ವಯಿಸುತ್ತದೆ. ಬೆಳೆಯದೆ ನಿಂತ ಗಿಡದ ಹಳೆಯ ಎಲೆ ಕೊಳೆಯುತ್ತಾ ನೀರಿಗೆ ಸೋರಿಸುವ ಸತ್ತ್ವ ಪಾಚಿಯ ಪಾಲಾಗುತ್ತದೆ.

ಆದ್ದರಿಂದ ‘ಪಾಚಿ ನಿಯಂತ್ರಣ’ ಎಂಬ ಜೋಡಿ ಪದದಲ್ಲಿ ಎರಡನೆಯ ಭಾಗಕ್ಕೂ ಅರ್ಥ ಹೇಳಬೇಕು. ಅದು ನಿರ್ಮೂಲನವಲ್ಲ, ಏಕೆಂದರೆ ಹೊಸ ಗಿಡದೊಡನೆ, ಬಸವನಹುಳುವಿನ ಚಿಪ್ಪಿನೊಡನೆ, ಬೇರೆ ತೊಟ್ಟಿಯ ನೀರಿನೊಡನೆ ಪಾಚಿಯ ಬೀಜಕಣ ಬಂದೇ ಬರುತ್ತದೆ. ಗಿಡ ಬಳಸಬಲ್ಲಷ್ಟಕ್ಕೇ ಬೆಳಕನ್ನು ಮಿತಿಗೊಳಿಸುವುದೇ ನಿಯಂತ್ರಣದ ತಿರುಳು. 45 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ತೊಟ್ಟಿ ಸುಮಾರು 40 ಲೀಟರಿನದು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಲ್ಲದ ಇಂಥ ತೊಟ್ಟಿಗೆ ದಿನಕ್ಕೆ 6ರಿಂದ 8 ಗಂಟೆ ಬೆಳಕು ಸಾಕು, ಅದೂ ನಮ್ಮ ನೆನಪನ್ನು ನಂಬದೆ ಟೈಮರ್ ಮೂಲಕ. ಕಿಟಕಿಯ ಬಿಸಿಲು ನೇರವಾಗಿ ಬೀಳುವ ಜಾಗದಲ್ಲಿ ತೊಟ್ಟಿಯಿಟ್ಟು ಮೇಲಿನ ದೀಪವನ್ನು ದೂರುವುದರಲ್ಲಿ ಅರ್ಥವಿಲ್ಲ. ಮೊದಲ ದಿನವೇ ಹೈಡ್ರಿಲ್ಲಾ, ನೀರುಬ್ರಾಹ್ಮಿಯಂಥ ಗಿಡಗಳನ್ನು ದಟ್ಟವಾಗಿ ನೆಟ್ಟು, ಮೀನುಗಳನ್ನು ತಡವಾಗಿ ಬಿಡುವುದು ಒಳ್ಳೆಯದು. ಏಕೆಂದರೆ ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೀನು ತಿನ್ನದೆ ಬಿಟ್ಟ ಆಹಾರ ಕೊಳೆತು ಅಮೋನಿಯಾ ಆಗುವುದರಿಂದ ಆಹಾರದಲ್ಲಿ ಕೈ ಬಿಗಿಹಿಡಿಯಬೇಕು. ವಾರಕ್ಕೊಮ್ಮೆ ನೀರಿನ ಕಾಲುಭಾಗ ಬದಲಾಯಿಸಬೇಕು. ಬೋರ್‌ವೆಲ್ ನೀರಾದರೆ ಅದರಲ್ಲಿ ನೈಟ್ರೇಟ್ ಎಷ್ಟಿದೆಯೆಂದು ಒಮ್ಮೆ ಪರೀಕ್ಷಿಸುವುದು ಮೇಲು, ಏಕೆಂದರೆ ಹೊರಹಾಕಲು ಹೊರಟದ್ದನ್ನೇ ನಾವು ಮತ್ತೆ ತುಂಬುತ್ತಿರಬಹುದು.

ಪಾಚಿ ತಿನ್ನುವ ಜೀವಿಗಳನ್ನು ತಂದು ಬಿಟ್ಟರೆ ಆಯಿತೆಂದು ಭಾವಿಸುವವರೂ ಪದದ ಅದೇ ಗೊಂದಲದಲ್ಲಿ ಸಿಲುಕುತ್ತಾರೆ. ಜಪಾನಿನ ಅಕ್ವೇರಿಯಂ ವಿನ್ಯಾಸಕಾರ ತಕಾಶಿ ಅಮಾನೊ ಜನಪ್ರಿಯಗೊಳಿಸಿದ, ಅವರ ಹೆಸರನ್ನೇ ಹೊತ್ತ ಸಿಗಡಿ ಮೃದುವಾದ ಎಳೆ ಪಾಚಿಯನ್ನು ಚೆನ್ನಾಗಿ ಮೇಯುತ್ತದೆ, ಗಾಜಿಗೆ ಕಚ್ಚಿದ ಹಸಿರು ಚುಕ್ಕಿಯನ್ನು ಮುಟ್ಟುವುದಿಲ್ಲ; ಆ ಚುಕ್ಕಿಗೆ ನೆರೈಟ್ ಬಸವನಹುಳು ಅಥವಾ ಹಳೆಯ ಬ್ಲೇಡು ಬೇಕು. ಇಡೀ ನೀರೇ ಹಸಿರಾದರೆ ಇವೆರಡೂ ಉಪಯೋಗಕ್ಕೆ ಬಾರವು, ಅಲ್ಲಿ ಅತಿನೇರಳೆ ದೀಪ ಅಥವಾ ಕಪ್ಪು ಬಟ್ಟೆಯೇ ಗತಿ. ಸಿಗಡಿಯಾಗಲಿ ಬಸವನಹುಳುವಾಗಲಿ ಇರುವ ತೊಟ್ಟಿಗೆ ತಾಮ್ರವಿರುವ ಪಾಚಿನಾಶಕವನ್ನು ಹಾಕಲೇಬಾರದು: ಪಾಚಿಗಿಂತ ಮೊದಲು ಸಾಯುವುದು ಅವೇ.