ಮಾತಾಡಿಸಿದರೆ ನಿಲ್ಲುವ ನಡಿಗೆ: ವೃದ್ಧರ ಸಮತೋಲನ ಮತ್ತು ಮರೆವು

ಗದಗ ಕಡೆಯ, ಎಪ್ಪತ್ತು ದಾಟಿದ ಅಜ್ಜ ಒಬ್ಬರು ಹುಬ್ಬಳ್ಳಿಯಲ್ಲಿ ನಾವು ಫಿಜಿಯೋಥೆರಪಿ ಕಲಿಯುವ ಹೊರರೋಗಿ ವಿಭಾಗಕ್ಕೆ ಬಂದಿದ್ದರು. ‘ಚಕ್ಕರ್ ಬರತೈತಿ, ನಡಿಯೂಮುಂದ ಜೋಲಿ ಹೊಡಿತೈತಿ’ ಎಂಬುದು ಅವರ ದೂರು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳುವ ಪರೀಕ್ಷೆಯನ್ನು ನಿಧಾನವಾಗಿಯಾದರೂ ಆಸರೆಯಿಲ್ಲದೆ ಮುಗಿಸಿದರು. ಎರಡನೆಯ ಸಲ ಅವರು ನಡೆಯುತ್ತಿರುವಾಗಲೇ, ‘ಅಜ್ಜಾರ, ಗದಗದಿಂದ ಹುಬ್ಬಳ್ಳಿಗೆ ಬರೂಮುಂದ ಯಾವ್ಯಾವ ಊರು ಸಿಗತಾವರೀ?’ ಎಂದು ಕೇಳಿದೆ. ‘ಹುಲಕೋಟಿ’ ಎಂದವರು ಅಲ್ಲಿಯೇ ನಿಂತರು. ಧೋತರದ ಅಂಚನ್ನು ಬಿಗಿಯಾಗಿ ಹಿಡಿದು, ನೆಲವನ್ನೇ ನೋಡಿ, ‘ಅಣ್ಣಿಗೇರಿ’ ಎಂದ ಮೇಲೆಯೇ ಮುಂದಿನ ಹೆಜ್ಜೆ ಇಟ್ಟರು.

ನಡಿಗೆ ತಾನಾಗಿ ನಡೆಯುವ ಕೆಲಸವೆಂದು ನಾವು ಭಾವಿಸುತ್ತೇವೆ. ಒಳಕಿವಿ, ಕಣ್ಣು, ಪಾದದ ಸ್ಪರ್ಶ ಇವುಗಳಿಂದ ಬರುವ ಸುದ್ದಿ ಮಸುಕಾದಂತೆಲ್ಲ, ಆ ಕೊರತೆಯನ್ನು ತುಂಬಲು ಮೆದುಳು ಗಮನವನ್ನು ಹೆಚ್ಚು ಖರ್ಚು ಮಾಡಬೇಕಾಗುತ್ತದೆ. ಗಮನದ ಗಂಟೇ ಚಿಕ್ಕದಾಗಿದ್ದರೆ ಮಾತು ಅಥವಾ ನಡಿಗೆ, ಎರಡರಲ್ಲಿ ಒಂದು ನಿಲ್ಲುತ್ತದೆ. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ಆಶ್ರಯಧಾಮದ 58 ವೃದ್ಧರಲ್ಲಿ ಇದನ್ನೇ ಗಮನಿಸಿದರು. ಮಾತು ಆರಂಭವಾದೊಡನೆ ನಿಂತವರು 12 ಜನ. ಅವರಲ್ಲಿ 10 ಜನ ಮುಂದಿನ ಆರು ತಿಂಗಳೊಳಗೆ ಬಿದ್ದರು. ಇಂಥ ಜೋಡಿಕೆಲಸಕ್ಕೆ ನೂರರಿಂದ ಏಳೇಳು ಕಳೆಯುವ ಲೆಕ್ಕವನ್ನು ಪುಸ್ತಕಗಳು ಸೂಚಿಸುತ್ತವೆ. ಶಾಲೆಗೆ ಹೋಗದ ಹಿರಿಯರಲ್ಲಿ ಆ ಲೆಕ್ಕ ಅಳೆಯುವುದು ಅರಿವನ್ನಲ್ಲ, ಓದನ್ನು; ಆದ್ದರಿಂದಲೇ ನಾನು ಊರುಗಳ ಹೆಸರನ್ನು ಕೇಳುತ್ತೇನೆ.

ಸಮತೋಲನಕ್ಕೂ ನೆನಪಿಗೂ ಇರುವ ಇನ್ನೊಂದು ಕೊಂಡಿ ಇನ್ನೂ ಆಳದ್ದು. ಒಳಕಿವಿಯ ಮೂರು ಅರ್ಧವೃತ್ತ ನಾಳಗಳು ತಲೆ ತಿರುಗುವುದನ್ನು ಅಳೆದರೆ, ಯುಟ್ರಿಕಲ್ ಮತ್ತು ಸ್ಯಾಕ್ಯುಲ್ ಎಂಬ ಚೀಲಗಳು ವಾಲುವಿಕೆ ಹಾಗೂ ಗುರುತ್ವವನ್ನು ಅಳೆಯುತ್ತವೆ. ಈ ಸುದ್ದಿ ಕತ್ತು, ಕಣ್ಣುಗಳ ಸ್ನಾಯುಗಳಿಗೆ ಮಾತ್ರವಲ್ಲ, ಹಲವು ಹಂತಗಳನ್ನು ದಾಟಿ ಮೆದುಳಿನ ಹಿಪ್ಪೊಕ್ಯಾಂಪಸ್‌ಗೂ ತಲುಪುತ್ತದೆ. ಅದು ನೆನಪನ್ನು ಕಟ್ಟುವ ಭಾಗವೂ ಹೌದು, ‘ನಾನೀಗ ಎಲ್ಲಿದ್ದೇನೆ’ ಎಂಬ ನಕ್ಷೆಯ ಭಾಗವೂ ಹೌದು. ನಿರ್ದಿಷ್ಟ ಜಾಗಕ್ಕೆ ಬಂದಾಗ ಚುರುಕಾಗುವ ಅಲ್ಲಿನ ‘ಸ್ಥಳಕೋಶ’ಗಳನ್ನು ಇಲಿಗಳಲ್ಲಿ 1971ರಲ್ಲಿ ವರದಿ ಮಾಡಿದ ಜಾನ್ ಓಕೀಫ್ ಅವರಿಗೆ 2014ರ ನೊಬೆಲ್‌ನಲ್ಲಿ ಪಾಲು ದೊರೆಯಿತು. ಎರಡೂ ಒಳಕಿವಿಗಳ ಸಮತೋಲನ ನರವನ್ನು ಕಳೆದುಕೊಂಡ 10 ಜನರಲ್ಲಿ ಹಿಪ್ಪೊಕ್ಯಾಂಪಸ್ ಸರಾಸರಿ ಶೇ. 16.9ರಷ್ಟು ಕುಗ್ಗಿತ್ತೆಂದು ಥಾಮಸ್ ಬ್ರಾಂಟ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಆ ಜನ ಸಾಮಾನ್ಯ ನೆನಪಿನಲ್ಲಿ ಹಿಂದೆ ಬಿದ್ದಿರಲಿಲ್ಲ. ಸೋತದ್ದು ಹಾದಿ ಹುಡುಕುವುದರಲ್ಲಿ. ಈ ಭೇದವನ್ನು ಸಹಪಾಠಿಗಳು ದಯವಿಟ್ಟು ಗಟ್ಟಿಯಾಗಿ ಹಿಡಿಯಬೇಕು, ಏಕೆಂದರೆ ‘ತಲೆಸುತ್ತು ಬಂದರೆ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಬರುತ್ತದೆ’ ಎಂದು ಯಾರಾದರೂ ಅವಸರದಲ್ಲಿ ಬರೆದುಕೊಂಡರೆ, ಅದನ್ನೇ ನಾಳೆ ರೋಗಿಯ ಮನೆಯವರ ಮುಂದೆ ಹೇಳಿ ಅವರನ್ನು ಹೆದರಿಸುವ ಅಪಾಯವಿದೆ.

ಸಮತೋಲನದ ತೊಂದರೆ, ಮರೆವು ಎರಡೂ ಒಟ್ಟಿಗೆ ಕಂಡಾಗ ಒಂದು ಇನ್ನೊಂದನ್ನು ತಂದಿತೆಂದು ಹೇಳಲಾಗದು. ಮೂರನೆಯದೊಂದು ಎರಡನ್ನೂ ತಂದಿರಬಹುದು. ಬಿಪಿ, ಸಕ್ಕರೆ ಕಾಯಿಲೆಗಳಿಂದ ಮೆದುಳಿನ ಸಣ್ಣ ರಕ್ತನಾಳಗಳು ಕೆಟ್ಟರೆ ನಡಿಗೆಯೂ ಯೋಚನೆಯೂ ಒಟ್ಟಿಗೆ ನಿಧಾನವಾಗುತ್ತವೆ. ಬಿ12 ಕೊರತೆ ಬೆನ್ನುಹುರಿಯನ್ನೂ ನೆನಪನ್ನೂ ಕೆಡಿಸಬಲ್ಲದು. ನೆಲಕ್ಕೆ ಅಂಟಿದಂಥ ನಡಿಗೆ, ಮರೆವು, ಮೂತ್ರದ ಮೇಲೆ ಹಿಡಿತ ತಪ್ಪುವುದು ಈ ಮೂರೂ ಜೊತೆಗೂಡಿದರೆ ಮೆದುಳಿನಲ್ಲಿ ನೀರು ತುಂಬುವ, ಶಸ್ತ್ರಚಿಕಿತ್ಸೆಯಿಂದ ಸುಧಾರಿಸಬಹುದಾದ ಸ್ಥಿತಿಯನ್ನು ನೆನೆಯಬೇಕು.

ನನಗೆ ಹೆಚ್ಚು ಕಳವಳ ತರುವುದು ಗುಳಿಗೆಗಳ ಚೀಲ. ಚಕ್ಕರ್ ಬಂದಾಗ ನಾಲ್ಕು ದಿನಕ್ಕೆಂದು ಬರೆದುಕೊಟ್ಟ ಸಿನ್ನರಿಜಿನ್ ಅಥವಾ ಪ್ರೋಕ್ಲೋರ್‌ಪೆರಜಿನ್ ಅನ್ನು ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ನುಂಗುವವರಿದ್ದಾರೆ. ಇವು ಮಂಪರು ತರುತ್ತವೆ. ಒಳಕಿವಿಯ ನಷ್ಟಕ್ಕೆ ಮೆದುಳು ಹೊಂದಿಕೊಳ್ಳುವುದನ್ನು ತಡೆಯುತ್ತವೆ. ಪಾರ್ಕಿನ್ಸನ್ ಮಾದರಿಯ ಬಿಗಿತವನ್ನೂ ಉಂಟುಮಾಡಬಲ್ಲವು. ಅದನ್ನು ಕಂಡ ಮನೆಯವರು ವಯಸ್ಸಾಯಿತೆಂದು ಸುಮ್ಮನಾಗುತ್ತಾರೆ. ಹಾಗೆಂದು ನಾವೇ ಗುಳಿಗೆ ನಿಲ್ಲಿಸಬಾರದು. ಚೀಲವನ್ನು ವೈದ್ಯರ ಮೇಜಿಗೆ ಮುಟ್ಟಿಸಬೇಕು.

ಬೀಳುವ ಭಯವೂ ತನ್ನ ಪಾಲನ್ನು ಸೇರಿಸುತ್ತದೆ. ಒಮ್ಮೆ ಬಿದ್ದವರು ಗುಡಿಗೆ, ಸಂತೆಗೆ, ಕಟ್ಟೆಗೆ ಹೋಗುವುದನ್ನು ಬಿಡುತ್ತಾರೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಡಿಮೆನ್ಶಿಯಾಕ್ಕೆ ಹೆಸರಿಸಿದ, ತಿದ್ದಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಸಮತೋಲನದ ಹೆಸರಿಲ್ಲ. ಆದರೆ ದೈಹಿಕ ಚಟುವಟಿಕೆಯಿಲ್ಲದಿರುವುದು, ಒಂಟಿತನ, ಕಿವುಡು, ದೃಷ್ಟಿದೋಷ, ತಲೆಪೆಟ್ಟು ಇವೆ, ಮತ್ತು ಬಿದ್ದ ಹಿರಿಯರ ಮನೆಯಲ್ಲಿ ಇವುಗಳಲ್ಲಿ ಎರಡು ಮೂರಾದರೂ ಕಾಣುತ್ತವೆ.

ಮಗ್ಗಲು ಬದಲಿಸಿದಾಗ ಮಾತ್ರ ಬರುವ ಚಕ್ಕರ್‌ಗೆ ಒಳಕಿವಿಯ ಹರಳು ಸರಿದಿರುವುದು ಕಾರಣವಾಗಿರಬಹುದು. ತಲೆಯನ್ನು ಕ್ರಮವಾಗಿ ತಿರುಗಿಸುವ ಎಪ್ಲಿ ವಿಧಾನ ಅದಕ್ಕೆ ಬಹಳ ಸಲ ಸಾಕಾಗುತ್ತದೆ. ಅಜ್ಜನದು ಅಂಥದ್ದಲ್ಲ. ಅವರೊಂದಿಗೆ ಬಂದಿದ್ದ ಸೊಸೆಯನ್ನು ‘ಮಾವಾರು ಹಾದಿ ತಪ್ಪತಾರೇನ್ರೀ?’ ಎಂದು ಕೇಳಿದೆ. ‘ಹೊಲದ ಹಾದಿ ಪಕ್ಕಾ ಗೊತ್ತೈತ್ರೀ. ಮಗಳ ಊರಾಗ, ಹೊಸಾ ಓಣ್ಯಾಗ, ಎರಡ ಸಲ ತಪ್ಪಿಸ್ಕೊಂಡಾರ’ ಎಂದರು. ನಡಿಗೆಯ ಸೆಕೆಂಡುಗಳನ್ನು ಬರೆದ ಸಾಲಿನ ಕೆಳಗೆ ಆ ಮಾತನ್ನೂ ಬರೆದು, ನೆನಪಿನ ಪರೀಕ್ಷೆ ಹಾಗೂ ಬಿ12ರ ರಕ್ತಪರೀಕ್ಷೆಗೆ ಕಳಿಸುವಂತೆ ನಮ್ಮ ಮೇಲ್ವಿಚಾರಕರನ್ನು ಕೇಳಿಕೊಂಡೆ.