ಸೈಕ್ಸ್ ಎಂಬ ಅಡ್ಡಹೆಸರಿನ ಜಾಡು

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ದಕ್ಷಿಣೋತ್ತರವಾಗಿ ಚಾಚಿಕೊಂಡಿರುವ ಪೆನೈನ್ ಬೆಟ್ಟಸಾಲಿನ ಪೂರ್ವದ ಇಳಿಜಾರಿನಲ್ಲಿ, ಯಾರ್ಕ್‌ಷೈರಿನ ಪಶ್ಚಿಮ ಭಾಗಕ್ಕೆ, ಹಡರ್ಸ್‌ಫೀಲ್ಡ್ ಎಂಬ ಪಟ್ಟಣವಿದೆ. ಅದರ ಸುತ್ತಲಿನ ಎತ್ತರದ ಪ್ರದೇಶವೆಲ್ಲ ಜೌಗು ನೆಲ. ಆ ನೆಲದಿಂದ ಬಸಿದ ನೀರು ಸಣ್ಣ ಸಣ್ಣ ತೊರೆಗಳಾಗಿ ಹರಿದು ಕಣಿವೆಗಳನ್ನು ಸೇರುತ್ತದೆ. ಇಂಥ ತೊರೆಗೆ, ಅದರಲ್ಲೂ ಹೊಲ ಹೊಲಗಳ ನಡುವೆ ಎಲ್ಲೆಯಾಗಿ ಹರಿಯುವ ತೊರೆಗೆ, ಅಲ್ಲಿನ ಹಳೆಯ ಆಡುಮಾತಿನಲ್ಲಿ ‘ಸೈಕ್’ ಎಂದು ಹೆಸರು. ತೊರೆಯ ಮಗ್ಗುಲಲ್ಲಿ ಮನೆ ಕಟ್ಟಿಕೊಂಡಿದ್ದವನನ್ನು ಊರವರು ಅದರ ಹೆಸರಿನಿಂದಲೇ ಗುರುತಿಸಿದರು. ಆ ಗುರುತು ಮಕ್ಕಳಿಗೆ, ಮೊಮ್ಮಕ್ಕಳಿಗೆ ಅಂಟಿಕೊಂಡು ‘ಸೈಕ್ಸ್’ ಎಂಬ ಮನೆತನದ ಹೆಸರಾಯಿತು. ನಮ್ಮ ಉತ್ತರ ಕರ್ನಾಟಕದಲ್ಲಿ ‘ಹಳ್ಳದ’ ಎಂಬ ಅಡ್ಡಹೆಸರು ಹುಟ್ಟಿದ್ದೂ ಇದೇ ಬಗೆಯಲ್ಲಿ.

ಇಂಗ್ಲೆಂಡಿನಲ್ಲಿ ಮನೆತನದ ಹೆಸರುಗಳು ಬಹಳ ಹಳೆಯವೇನಲ್ಲ. 1066ರಲ್ಲಿ ನಾರ್ಮನ್ನರು ದೇಶವನ್ನು ಗೆದ್ದುಕೊಂಡ ಮೇಲೆ, ಜಮೀನು ವಂಶಪಾರಂಪರ್ಯವಾಗಿ ತಮ್ಮಲ್ಲೇ ಉಳಿಯಬೇಕೆಂಬ ಕಾರಣಕ್ಕೆ ಮೊದಲು ಜಹಗೀರುದಾರರು ಇಂಥ ಹೆಸರುಗಳನ್ನು ಇಟ್ಟುಕೊಂಡರು. ಸಾಮಾನ್ಯ ರೈತರಿಗೂ ಕುಶಲಕರ್ಮಿಗಳಿಗೂ ಅದು ಇಳಿದು ಬರಲು ಇನ್ನೂ ಎರಡು ಮೂರು ಶತಮಾನಗಳು ಬೇಕಾದವು. ಉತ್ತರದ ಜಿಲ್ಲೆಗಳಲ್ಲಿ ಇನ್ನಷ್ಟು ತಡವಾಯಿತು. 1377, 1379 ಮತ್ತು 1381ರಲ್ಲಿ ಸರಕಾರ ತಲೆಗಂದಾಯ ಹಾಕಿದಾಗ ಊರೂರಿನ ಜನರ ಪಟ್ಟಿ ತಯಾರಾಯಿತು. ಆ ಹೊತ್ತಿಗೆ ಬಹಳ ಜನರಿಗೆ ಎರಡನೆಯ ಹೆಸರೊಂದು ಇತ್ತು. ಆದರೆ ಅದು ನಿಜಕ್ಕೂ ಮನೆತನದ ಹೆಸರೋ ಅಥವಾ ಆ ಒಬ್ಬ ಮನುಷ್ಯನನ್ನು ಗುರುತಿಸಲು ಗುಮಾಸ್ತ ಬರೆದುಕೊಂಡ ವಿವರವೋ ಎಂಬುದನ್ನು ಪಟ್ಟಿಯೊಂದರಿಂದಲೇ ಹೇಳಲಾಗದು. 1538ರಿಂದ ಚರ್ಚುಗಳಲ್ಲಿ ನಾಮಕರಣ, ಮದುವೆ, ಮರಣಗಳ ದಾಖಲೆ ಇಡುವುದು ಕಡ್ಡಾಯವಾದ ಮೇಲಷ್ಟೇ ವಂಶದ ಎಳೆ ಒಂದಿಷ್ಟು ಸ್ಪಷ್ಟವಾಗಿ ಕೈಗೆ ಸಿಗತೊಡಗುತ್ತದೆ.

ತೊರೆಗಳು ಯಾರ್ಕ್‌ಷೈರಿನ ತುಂಬ ಇದ್ದವು. ಅವುಗಳ ಪಕ್ಕದಲ್ಲಿ ಮನೆಗಳೂ ಇದ್ದವು. ಹಾಗಿದ್ದಮೇಲೆ ಸೈಕ್ಸ್ ಎಂಬ ಹೆಸರು ಹಲವು ಕಡೆ, ಒಂದಕ್ಕೊಂದು ಸಂಬಂಧವಿಲ್ಲದ ಹಲವು ಮನೆಗಳಲ್ಲಿ ಹುಟ್ಟಿರಬೇಕು ಎಂಬುದು ಹೆಸರುಗಳ ಇತಿಹಾಸಕಾರರ ಸಹಜ ಊಹೆಯಾಗಿತ್ತು. ಈ ಊಹೆಯನ್ನು ಪರೀಕ್ಷೆಗೆ ಒಡ್ಡಿದವರ ಹೆಸರೂ ಸೈಕ್ಸ್ ಎಂಬುದು ಸ್ವಾರಸ್ಯದ ಸಂಗತಿ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಬ್ರಯನ್ ಸೈಕ್ಸ್ ಅವರು ಸಹೋದ್ಯೋಗಿ ಕ್ಯಾಥರೀನ್ ಅರ್ವೆನ್ ಅವರೊಂದಿಗೆ 2000ದಲ್ಲಿ ಪ್ರಕಟಿಸಿದ ಪ್ರಬಂಧ, ಮನೆತನದ ಹೆಸರಿಗೂ ಡಿಎನ್‌ಎಗೂ ಇರುವ ನಂಟನ್ನು ನೇರವಾಗಿ ಅಳೆದ ಮೊದಲ ಕೆಲಸಗಳಲ್ಲಿ ಒಂದು.

ಅವರ ತರ್ಕ ಸರಳವಾಗಿತ್ತು. ಇಂಗ್ಲೆಂಡಿನ ರೂಢಿಯಲ್ಲಿ ಮನೆತನದ ಹೆಸರು ತಂದೆಯಿಂದ ಮಕ್ಕಳಿಗೆ ಬರುತ್ತದೆ. ಹೆಣ್ಣುಮಕ್ಕಳು ಮದುವೆಯಾದ ಮೇಲೆ ಅದನ್ನು ಬಿಡುತ್ತಾರೆ, ಗಂಡುಮಕ್ಕಳು ಮುಂದುವರಿಸುತ್ತಾರೆ. ಪುರುಷರಲ್ಲಿ ಮಾತ್ರ ಇರುವ ವೈ ವರ್ಣತಂತುವಿನ ದಾರಿಯೂ ಇದೇ. ಉಳಿದ ವರ್ಣತಂತುಗಳು ಪ್ರತಿ ತಲೆಮಾರಿನಲ್ಲೂ ತಂದೆಯ ಪಾಲು ತಾಯಿಯ ಪಾಲು ಬೆರೆತು ಹೊಸದಾಗುತ್ತವೆ. ವೈ ವರ್ಣತಂತುವಿನ ಬಹುಭಾಗ ಮಾತ್ರ ಯಾವುದರ ಜೊತೆಗೂ ಬೆರೆಯದೆ ತಂದೆಯಿಂದ ಮಗನಿಗೆ ಇದ್ದದ್ದು ಇದ್ದ ಹಾಗೆ ದಾಟುತ್ತದೆ. ಹೀಗೆ ದಾಟುವಾಗ ಅಪರೂಪಕ್ಕೊಮ್ಮೆ ನಕಲಿನಲ್ಲಿ ತಪ್ಪಾಗುತ್ತದೆ. ವೈ ವರ್ಣತಂತುವಿನ ಕೆಲವು ತಾಣಗಳಲ್ಲಿ ಮೂರೋ ನಾಲ್ಕೋ ಅಕ್ಷರಗಳ ಚಿಕ್ಕ ತುಣುಕೊಂದು ಸಾಲಾಗಿ ಹಲವು ಬಾರಿ ಮರುಕಳಿಸಿರುತ್ತದೆ. ಎಷ್ಟು ಬಾರಿ ಎಂಬುದು ವಂಶದಿಂದ ವಂಶಕ್ಕೆ ಬೇರೆಯಾಗಿದ್ದರೂ, ಒಂದೇ ವಂಶದೊಳಗೆ ಆ ಸಂಖ್ಯೆ ಬದಲಾಗುವುದು ಸಾವಿರ ತಲೆಮಾರಿಗೆ ಕೆಲವೇ ಸಲ. ಸೈಕ್ಸ್ ಎಂಬ ಹೆಸರು ಹುಟ್ಟಿ ಸುಮಾರು 700 ವರ್ಷ, ಎಂದರೆ ಇಪ್ಪತ್ತಮೂರು ಇಪ್ಪತ್ತನಾಲ್ಕು ತಲೆಮಾರು, ಆಗಿದೆ ಎಂದು ಲೆಕ್ಕ ಹಿಡಿದರೆ, ಒಬ್ಬನೇ ಮೂಲಪುರುಷನಿಂದ ಬಂದವರಲ್ಲಿ ಈ ಸಂಖ್ಯೆಗಳು ಹೆಚ್ಚುಕಡಿಮೆ ಹಾಗೆಯೇ ಉಳಿದಿರಬೇಕು.

ಯಾರ್ಕ್‌ಷೈರ್ ಮತ್ತು ಅದರ ನೆರೆಯ ಜಿಲ್ಲೆಗಳಲ್ಲಿ ವಾಸವಾಗಿದ್ದ, ತಮ್ಮೊಳಗೆ ಗೊತ್ತಿರುವ ಯಾವ ಬಾಂಧವ್ಯವೂ ಇಲ್ಲದ ಸೈಕ್ಸ್ ಹೆಸರಿನ ಗಂಡಸರಿಂದ ಡಿಎನ್‌ಎ ಮಾದರಿಗಳನ್ನು ಸಂಗ್ರಹಿಸಿ, 48 ಮಂದಿಯ ಮಾದರಿಗಳಲ್ಲಿ ನಾಲ್ಕು ತಾಣಗಳನ್ನು ಎಣಿಸಲಾಯಿತು. 15, 23, 11, 14 ಎಂಬ ಒಂದೇ ಸಂಖ್ಯಾಸರಣಿ ಅವರಲ್ಲಿ 21 ಮಂದಿಯಲ್ಲಿ ಕಾಣಿಸಿಕೊಂಡಿತು. ಹೋಲಿಕೆಗೆಂದು ಪರೀಕ್ಷಿಸಿದ, ಅದೇ ಪ್ರದೇಶದ ಬೇರೆ ಹೆಸರಿನ ಜನರಲ್ಲಿ ಈ ಸರಣಿ ಒಬ್ಬರಲ್ಲೂ ಇರಲಿಲ್ಲ. ದೇಶದ ಇತರ ಭಾಗಗಳಿಂದ ಆರಿಸಿದವರಲ್ಲೂ ಇರಲಿಲ್ಲ. ಸೈಕ್ಸ್‌ಗಳಿಗೆಲ್ಲ ಒಬ್ಬನೇ ಮೂಲಪುರುಷ ಎಂದು ಪ್ರಬಂಧ ತೀರ್ಮಾನಿಸಿತು. ಉಳಿದವರಲ್ಲಿ ಸರಣಿ ಬೇರೆಯಾದದ್ದಕ್ಕೆ ನಡುವೆ ಎಲ್ಲೋ ತಂದೆಯ ಎಳೆ ಕಡಿದುಹೋದದ್ದು ಕಾರಣ ಎಂದೂ, ಅದರ ಪ್ರಮಾಣ ತಲೆಮಾರೊಂದಕ್ಕೆ ಸರಾಸರಿ ಶೇ. 1.3 ಇದ್ದೀತೆಂದೂ ಅದು ಅಂದಾಜಿಸಿತು.

ಎಳೆ ಕಡಿಯುವುದೆಂದರೆ ಪತ್ರಿಕೆಗಳು ಚಪ್ಪರಿಸಿ ಬರೆದಂತೆ ಬರಿಯ ವ್ಯಭಿಚಾರವಲ್ಲ. ದತ್ತು ಬಂದ ಮಗ, ಮದುವೆಯಿಲ್ಲದೆ ಹುಟ್ಟಿ ತಾಯಿಯ ಮನೆತನದ ಹೆಸರನ್ನೇ ಹೊತ್ತ ಮಗ, ಮಲತಂದೆಯ ಹೆಸರು ಪಡೆದವನು, ಗಂಡು ಸಂತಾನವಿಲ್ಲದ ಮಾವನ ಆಸ್ತಿಯೊಂದಿಗೆ ಅವನ ಹೆಸರನ್ನೂ ಸ್ವೀಕರಿಸಿದ ಅಳಿಯ, ಇವರೆಲ್ಲರಲ್ಲೂ ಹೆಸರು ಒಂದು ಕಡೆಯಿಂದ ಬಂದರೆ ವೈ ವರ್ಣತಂತು ಇನ್ನೊಂದು ಕಡೆಯಿಂದ ಬಂದಿರುತ್ತದೆ. ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ಗಳ ವಂಶಾವಳಿಗಳನ್ನು ಆಧರಿಸಿ ಮಾರ್ಟನ್ ಲಾರ್ಮೂಸೊ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಸರಾಸರಿ ಶೇ. 1ರಿಂದ 2ರ ನಡುವೆಯೇ ಬಂದಿತು. ಹತ್ತೊಂಬತ್ತನೆಯ ಶತಮಾನದ ಕಿಕ್ಕಿರಿದ ನಗರಗಳ ಬಡಜನರಲ್ಲಿ ಮಾತ್ರ ಅದು ಶೇ. 6ರ ಹತ್ತಿರ ಏರಿತ್ತು.

ಒಬ್ಬನೇ ಮೂಲಪುರುಷ ಎಂಬ ತೀರ್ಮಾನವನ್ನು ಮಾತ್ರ ನಾನು ಅಷ್ಟು ಸಲೀಸಾಗಿ ಒಪ್ಪಲಾರೆ. ಕಾರಣ ತಳಿವಿಜ್ಞಾನಕ್ಕಿಂತ ಗಣಿತದಲ್ಲಿದೆ. ಪ್ರತಿಷ್ಠಿತ ಮನೆತನಗಳ ಹೆಸರುಗಳು ಒಂದೊಂದಾಗಿ ಅಳಿಯುತ್ತಿರುವುದೇಕೆ ಎಂಬ ಪ್ರಶ್ನೆಯನ್ನು 1873ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಗಣಿತದ ಸಮಸ್ಯೆಯಾಗಿ ಮುಂದಿಟ್ಟರು. ಹೆನ್ರಿ ವಾಟ್ಸನ್ ಎಂಬ ಪಾದ್ರಿ ಅದನ್ನು ಬಿಡಿಸಲು ಹೊರಟರು. ಸಾಕಷ್ಟು ಕಾಲ ಕಳೆದರೆ ಎಲ್ಲ ಹೆಸರುಗಳೂ ಅಳಿಯಲೇಬೇಕು ಎಂಬ ವಾಟ್ಸನ್ನರ ಉತ್ತರ ತಪ್ಪಾಗಿತ್ತು, ಆದರೆ ವಿಧಾನ ಸರಿಯಾಗಿತ್ತು. ಒಬ್ಬನಿಗೆ ಗಂಡುಮಕ್ಕಳೇ ಇಲ್ಲದಿರಬಹುದು, ಇನ್ನೊಬ್ಬನಿಗೆ ಐವರಿರಬಹುದು. ಜನಸಂಖ್ಯೆ ಹೆಚ್ಚುಕಡಿಮೆ ಇದ್ದಷ್ಟೇ ಇದ್ದರೂ ಬರಿಯ ಆಕಸ್ಮಿಕದಿಂದಲೇ ಬಹುಪಾಲು ವಂಶಗಳು ಕೆಲವೇ ತಲೆಮಾರುಗಳಲ್ಲಿ ಮುಗಿದುಹೋಗುತ್ತವೆ, ಬೆರಳೆಣಿಕೆಯವು ಹಬ್ಬಿಕೊಳ್ಳುತ್ತವೆ. ಇದಕ್ಕೆ 1348–49ರ ಮಹಾಮಾರಿ ಪ್ಲೇಗನ್ನೂ ಸೇರಿಸಿಕೊಳ್ಳಬೇಕು. ಇಂಗ್ಲೆಂಡಿನ ಜನರಲ್ಲಿ ಮೂರನೆಯ ಒಂದು ಪಾಲಾದರೂ, ಬಹುಶಃ ಅರ್ಧದಷ್ಟು, ಆಗ ಸತ್ತರು. ಅದು ಮನೆತನದ ಹೆಸರುಗಳು ಆಗಷ್ಟೇ ಬೇರೂರುತ್ತಿದ್ದ ಕಾಲ. ಮೊದಲಲ್ಲಿ ಹತ್ತು ಮಂದಿ ಸೈಕ್ಸ್‌ಗಳಿದ್ದು, ಏಳೆಂಟು ವಂಶಗಳು ಅಳಿದು, ಒಂದು ಮಾತ್ರ ಬೆಳೆದಿದ್ದರೂ ಇಂದಿನ ಮಾದರಿಗಳಲ್ಲಿ ಅಂಥದೇ ಚಿತ್ರ ಕಾಣಿಸೀತು. ನಾಲ್ಕೇ ತಾಣಗಳ ಎಣಿಕೆಯಿಂದ ಈ ಎರಡು ಸಾಧ್ಯತೆಗಳನ್ನು ಬೇರ್ಪಡಿಸುವುದು ಕಷ್ಟ.

ಹಡರ್ಸ್‌ಫೀಲ್ಡ್ ಸುತ್ತಲಿನ ಬದುಕು ಹೀಗೆ ಉಳಿದ ವಂಶವೊಂದಕ್ಕೆ ಅನುಕೂಲವಾಗಿಯೇ ಇತ್ತು. ಆ ಕಣಿವೆಗಳ ನೆಲ ಬಡವಾದರೂ ಮನೆಮನೆಯಲ್ಲಿ ಉಣ್ಣೆ ನೇಯುತ್ತಿದ್ದರು. ಮಗ್ಗಕ್ಕೆ ಬೆಳಕು ಬೀಳಲೆಂದು ಮಹಡಿಯ ಉದ್ದಕ್ಕೂ ಕಿಟಕಿಗಳನ್ನು ಸಾಲಾಗಿ ಇಟ್ಟ ನೇಕಾರರ ಕಲ್ಲುಮನೆಗಳು ಇಂದಿಗೂ ಅಲ್ಲಿ ನಿಂತಿವೆ. ಜಮೀನು ಸಾಲದೆಂದು ಕಿರಿಯ ಮಕ್ಕಳು ಊರು ಬಿಡಬೇಕಾಗಲಿಲ್ಲ, ಮಗ್ಗವೊಂದಿದ್ದರೆ ಸಾಕಿತ್ತು. ಮುಂದೆ ಗಿರಣಿಗಳು ಬಂದಾಗಲೂ ಕೆಲಸ ಕಾಲಬುಡದಲ್ಲೇ ಸಿಕ್ಕಿತು. ಆದ್ದರಿಂದ ಹೆಸರು ಹುಟ್ಟಿದಲ್ಲೇ ದಟ್ಟವಾಗಿ ಬೆಳೆಯಿತು. 1881ರ ಜನಗಣತಿಯ ಭೂಪಟದಲ್ಲಿ ಸೈಕ್ಸ್‌ಗಳ ಗುಂಪು ಯಾರ್ಕ್‌ಷೈರಿನ ಪಶ್ಚಿಮ ಭಾಗದಲ್ಲೇ ಎದ್ದು ಕಾಣುತ್ತದೆ.

ಲೆಸ್ಟರ್ ವಿಶ್ವವಿದ್ಯಾಲಯದ ಟುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ ಪ್ರಕಟಿಸಿದ, ಬ್ರಿಟನ್ನಿನ 40 ಮನೆತನದ ಹೆಸರುಗಳ 1,678 ಗಂಡಸರ ಅಧ್ಯಯನ ಈ ವಿಚಾರವನ್ನು ಇನ್ನಷ್ಟು ತಿಳಿಯಾಗಿಸಿತು. ಕಮ್ಮಾರಿಕೆಯ ಕಸುಬಿನಿಂದ ಬಂದ ಸ್ಮಿತ್ ಎಂಬ ಹೆಸರಿನವರನ್ನು ತೆಗೆದುಕೊಂಡರೆ ಅವರ ವೈ ವರ್ಣತಂತುಗಳು ಬೀದಿಯಲ್ಲಿ ಹೋಗುವ ಯಾರನ್ನೋ ಆರಿಸಿದಷ್ಟೇ ಬಗೆಬಗೆಯಾಗಿದ್ದವು. ಕಮ್ಮಾರನಿಲ್ಲದ ಊರು ಯಾವುದಿತ್ತು? ಅದೇ ಅಟೆನ್‌ಬರೊ ಎಂಬ ಅಪರೂಪದ ಹೆಸರಿನವರಲ್ಲಿ ಶೇ. 87 ಮಂದಿ ಒಂದೇ ಬಗೆಯ ವೈ ವರ್ಣತಂತುವನ್ನು ಹೊತ್ತಿದ್ದರು. ಹೆಸರು ಅಪರೂಪವಾದಷ್ಟೂ ರಕ್ತಸಂಬಂಧದ ಸಾಧ್ಯತೆ ಹೆಚ್ಚು. ಸೈಕ್ಸ್ ಈ ಎರಡು ತುದಿಗಳ ನಡುವೆ ಎಲ್ಲೋ ಬರುತ್ತದೆ.

ಯಾರ್ಕ್‌ಷೈರಿನ ಸೈಕ್ಸ್‌ಗಳಲ್ಲೇ ಅತ್ಯಂತ ಪ್ರಸಿದ್ಧವಾದ ಕುಟುಂಬ ನೇಕಾರರ ಕಣಿವೆಯದ್ದಲ್ಲ. ಪೂರ್ವ ಯಾರ್ಕ್‌ಷೈರಿನ ಸ್ಲೆಡ್ಮಿಯರ್ ಎಂಬಲ್ಲಿ ಭಾರಿ ಜಮೀನು ಹೊಂದಿದ್ದ ಈ ಮನೆತನ ಲೀಡ್ಸ್ ಮತ್ತು ಹಲ್ ನಗರಗಳ ವ್ಯಾಪಾರದಿಂದ ಮೇಲೆ ಬಂದದ್ದು. ಅವರ ಹಿರಿಯರು ಇನ್ನೂ ಉತ್ತರಕ್ಕಿರುವ ಕಾರ್ಲೈಲ್ ಕಡೆಯಿಂದ ಬಂದವರೆಂಬ ಪ್ರತೀತಿಯಿದೆ. ಅದು ನಿಜವಾದರೆ ಅಲ್ಲಿಗೆ ಇನ್ನೊಂದು ತೊರೆ, ಇನ್ನೊಂದು ಮೂಲ. 1916ರಲ್ಲಿ ಫ್ರೆಂಚ್ ರಾಜತಾಂತ್ರಿಕ ಪೀಕೊ ಜೊತೆ ಕೂತು ಅರಬ್ ನಾಡುಗಳನ್ನು ನಕ್ಷೆಯ ಮೇಲೆ ಹಂಚಿಕೊಂಡ ಮಾರ್ಕ್ ಸೈಕ್ಸ್ ಈ ಮನೆತನದವರು. ಸೈಕ್ಸ್ ಎಂಬ ಹೆಸರು ಲೋಕಕ್ಕೆಲ್ಲ ಪರಿಚಯವಾದದ್ದು, ಪಶ್ಚಿಮ ಏಷ್ಯಾದಲ್ಲಿ ಬೈಗುಳವಾದದ್ದು ಆ ಒಪ್ಪಂದದಿಂದಲೇ. ಅವರು 1919ರ ಫೆಬ್ರವರಿಯಲ್ಲಿ ಪ್ಯಾರಿಸಿನಲ್ಲಿ ಸ್ಪ್ಯಾನಿಷ್ ಫ್ಲೂ ತಗುಲಿ ಸತ್ತಾಗ ದೇಹವನ್ನು ಸೀಸದ ಶವಪೆಟ್ಟಿಗೆಯಲ್ಲಿಟ್ಟು ಸ್ಲೆಡ್ಮಿಯರಿಗೆ ತಂದು ಹೂಳಲಾಯಿತು. ಸೀಸದ ಪೆಟ್ಟಿಗೆಯೊಳಗೆ ವೈರಾಣುವಿನ ಕುರುಹು ಉಳಿದಿರಬಹುದೆಂಬ ಆಸೆಯಿಂದ ವೈರಾಣು ತಜ್ಞ ಜಾನ್ ಆಕ್ಸ್‌ಫರ್ಡ್ ಮತ್ತು ತಂಡ 2008ರಲ್ಲಿ, ವಂಶಜರ ಒಪ್ಪಿಗೆ ಪಡೆದು, ಸಮಾಧಿಯನ್ನು ತೆರೆದರು. ಪೆಟ್ಟಿಗೆಯ ಮುಚ್ಚಳ ಸೀಳಿತ್ತು, ದೇಹ ಬಹಳ ಮಟ್ಟಿಗೆ ಕೊಳೆತಿತ್ತು. ಆದರೂ ಅಂಗಾಂಶದ ಮಾದರಿಗಳನ್ನು ತೆಗೆದುಕೊಂಡು ಸಮಾಧಿಯನ್ನು ಮತ್ತೆ ಮುಚ್ಚಿದರು.

ಕರ್ನಾಟಕಕ್ಕೂ ಈ ಹೆಸರು ಬಂದಿದೆ, ಎರಡು ಬಾರಿ. ಯಾರ್ಕ್‌ಷೈರ್ ಮನೆತನದ ವಿಲಿಯಂ ಹೆನ್ರಿ ಸೈಕ್ಸ್ (1790–1872) ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ. ಮುಂಬಯಿ ಸರಕಾರ ಅವರನ್ನು 1824ರಲ್ಲಿ ದಖ್ಖನ್ ಪ್ರಾಂತದ ಅಂಕಿಅಂಶಗಳನ್ನು ಕಲೆಹಾಕಲು ನೇಮಿಸಿತು. ಅವರು ವರದಿ ಮಾಡಿದ ನಾಲ್ಕು ಕಲೆಕ್ಟರಿಗಳಲ್ಲಿ ಪುಣೆ, ಅಹಮದನಗರ, ಖಾನದೇಶಗಳ ಜೊತೆ ಧಾರವಾಡವೂ ಸೇರಿತ್ತು. ಅಂಕಿಅಂಶದ ಜೊತೆಗೆ ಅವರು ಹಕ್ಕಿಗಳನ್ನೂ ಗಮನಿಸುತ್ತಿದ್ದರು. 1832ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ದಖ್ಖನ್ ಪಕ್ಷಿಗಳ ಪಟ್ಟಿಯಲ್ಲಿ ವಿಜ್ಞಾನಕ್ಕೆ ಹೊಸದಾದ ಹಲವು ಜಾತಿಗಳಿದ್ದವು. ತಲೆಯ ಮೇಲೆ ಚೂಪು ಜುಟ್ಟಿರುವ, ಕೆಂಗಂದು ಬಣ್ಣದ ಒಂದು ಪುಟ್ಟ ಲಾರ್ಕ್ ಹಕ್ಕಿಗೆ ಅವರು ‘ದೇವ’ ಎಂದೂ, ಚಳಿಗಾಲದಲ್ಲಿ ವಲಸೆ ಬರುವ ಒಂದು ಉಲಿಹಕ್ಕಿಗೆ ‘ರಾಮ’ ಎಂದೂ ವೈಜ್ಞಾನಿಕ ನಾಮವಿಟ್ಟರು. ಇಂಗ್ಲಿಷಿನಲ್ಲಿ ಇವೆರಡೂ ಇಂದು ಸೈಕ್ಸ್ ಅವರ ಹೆಸರನ್ನೇ ಹೊತ್ತಿವೆ. ಪೂರ್ವ ಆಫ್ರಿಕದ ಬಿಳಿಗಂಟಲಿನ ಮಂಗವೊಂದು ‘ಸೈಕ್ಸ್ ಮಂಕಿ’ ಆದದ್ದೂ ಅವರಿಂದಲೇ. ಯಾವ ವರ್ಣತಂತುವಿನ ಹಂಗೂ ಇಲ್ಲದೆ ಹೆಸರು ದಾಟಿದ ದಾರಿಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು. ಎರಡನೆಯವರು ಫ್ರೆಡರಿಕ್ ಸೈಕ್ಸ್. ಬ್ರಿಟಿಷ್ ವಾಯುಸೇನೆಯ ಮುಖ್ಯಸ್ಥರಾಗಿದ್ದವರು, 1928ರಿಂದ 1933ರವರೆಗೆ ಮುಂಬಯಿಯ ಗವರ್ನರ್. 1930ರಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ ಉತ್ತರ ಕನ್ನಡ ಜಿಲ್ಲೆ ಇದ್ದದ್ದು ಅವರ ಆಡಳಿತದಲ್ಲಿ.

ಅಟ್ಲಾಂಟಿಕ್ ದಾಟಿದ ಹೆಸರಿನ ಕತೆ ಬೇರೆ. ಹದಿನೇಳನೆಯ ಶತಮಾನದಿಂದಲೇ ವಲಸಿಗರು ಅದನ್ನು ಅಮೆರಿಕಕ್ಕೆ ಒಯ್ದರು. ಆಸ್ಟ್ರೇಲಿಯ, ನ್ಯೂಜಿಲೆಂಡ್, ಕೆನಡಾಗಳಿಗೂ ಅದು ಹೀಗೆಯೇ ಹೋಯಿತು. ಆದರೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮಗಿರಿ ಕೊನೆಗೊಂಡಾಗ, ಬಿಡುಗಡೆಯಾದವರಲ್ಲಿ ಎಷ್ಟೋ ಮಂದಿ ಹಳೆಯ ಒಡೆಯರ ಇಂಗ್ಲಿಷ್ ಹೆಸರುಗಳನ್ನೇ ಮನೆತನದ ಹೆಸರಾಗಿ ಬಳಸಿದರು. ಇಂದು ಅಲ್ಲಿ ಇಂಥ ಹೆಸರಿರುವ ಕಪ್ಪು ಜನರ ವೈ ವರ್ಣತಂತು ಪಶ್ಚಿಮ ಆಫ್ರಿಕದ್ದಾಗಿರಬಹುದು, ಒಡೆಯನ ಮನೆಯಿಂದಲೇ ಬಂದದ್ದೂ ಆಗಿರಬಹುದು. ವರ್ಜೀನಿಯದಲ್ಲಿ ಹುಟ್ಟಿದ ಹಾಸ್ಯನಟಿ ವಾಂಡಾ ಸೈಕ್ಸ್ ಅವರ ವಂಶವನ್ನು ಇತಿಹಾಸಕಾರರು ಕೆದಕಿದಾಗ ಸಿಕ್ಕ ಎಳೆಯೊಂದು 1680ರ ದಶಕದ ಎಲಿಜಬೆತ್ ಬ್ಯಾಂಕ್ಸ್ ಎಂಬ ಬಿಳಿಯ ಜೀತದಾಳಿನವರೆಗೆ ಹೋಯಿತು. ಗುಲಾಮನೊಬ್ಬನಿಂದ ಆಕೆಗೆ ಹುಟ್ಟಿದ ಮಗಳಿಗೆ ಸ್ವಾತಂತ್ರ್ಯ ಬಂದದ್ದು ತಾಯಿಯಿಂದ, ಬ್ಯಾಂಕ್ಸ್ ಎಂಬ ಹೆಸರು ಬಂದದ್ದೂ ತಾಯಿಯಿಂದಲೇ. ತಂದೆಯ ಹೆಸರು ಮಕ್ಕಳಿಗೆ ಎಂಬ ನಿಯಮದ ಮೇಲೆ ಕಟ್ಟಿದ ಲೆಕ್ಕಾಚಾರ ಇಂಥಲ್ಲಿ ನಡೆಯುವುದಿಲ್ಲ.

ನಡೆಯುವ ಕಡೆ ಅದು ಎಷ್ಟು ಚುರುಕಾಗಿ ನಡೆಯುತ್ತದೆ ಎಂಬುದು 2013ರಲ್ಲಿ ಗೊತ್ತಾಯಿತು. ಯಾನಿವ್ ಅರ್ಲಿಕ್ ಅವರ ತಂಡ, ಸಂಶೋಧನೆಗಾಗಿ ಹೆಸರು ತೆಗೆದುಹಾಕಿ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದ ಡಿಎನ್‌ಎ ಮಾಹಿತಿಯಿಂದ ವೈ ವರ್ಣತಂತುವಿನ ಸಂಖ್ಯಾಸರಣಿಗಳನ್ನು ಓದಿ, ವಂಶಾವಳಿಯ ಹವ್ಯಾಸಿಗಳು ತೆರೆದಿಟ್ಟ ದತ್ತಾಂಶದೊಂದಿಗೆ ಹೋಲಿಸಿ, ಮನೆತನದ ಹೆಸರನ್ನು ಊಹಿಸಿತು. ಅದಕ್ಕೆ ವಯಸ್ಸು ಮತ್ತು ರಾಜ್ಯದ ವಿವರ ಸೇರಿಸಿದಾಗ ಸುಮಾರು ಐವತ್ತು ಮಂದಿಯ ಗುರುತು ಹತ್ತಿತು. ಅಮೆರಿಕದ ಬಿಳಿಯ ಗಂಡಸರಲ್ಲಿ ಸುಮಾರು ಶೇ. 12 ಮಂದಿಯ ಮನೆತನದ ಹೆಸರನ್ನು ಈ ಬಗೆಯಲ್ಲಿ ಕಂಡುಹಿಡಿಯಬಹುದೆಂದು ಅವರು ಅಂದಾಜಿಸಿದರು. ಇದಾದ ಮೇಲೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಆ ದತ್ತಾಂಶದಲ್ಲಿದ್ದ ವಯಸ್ಸಿನ ವಿವರವನ್ನು ಸಾರ್ವಜನಿಕರ ಕೈಗೆ ಸಿಗದಂತೆ ತೆಗೆದಿಟ್ಟಿತು.