ಕಡಲೊಳಗಿನ ಗಾಳಿಪಟ

ಮಲ್ಪೆಯ ದಕ್ಕೆಗೆ ಹೋದವರು ಟ್ರಾಲ್ ಬೋಟುಗಳ ಹಿಂಬದಿಯಲ್ಲಿ ಎರಡು ದಪ್ಪ ಹಲಗೆ ನೇತಾಡುವುದನ್ನು ನೋಡಿರುತ್ತೀರಿ. ಸುತ್ತ ಕಬ್ಬಿಣದ ಪಟ್ಟಿ. ಕೆಳಗಿನ ಅಂಚು ಮಾತ್ರ ಮರಳಿಗೆ ಉಜ್ಜಿ ಉಜ್ಜಿ ಬೆಳ್ಳಿಯ ಹಾಗೆ ಹೊಳೆಯುತ್ತದೆ. "ಬಲೆ ಮುಳುಗಲಿ ಅಂತ ಭಾರಕ್ಕೆ ಕಟ್ಟಿದ್ದು" ಎಂದು ನನ್ನ ಪಕ್ಕ ನಿಂತವರೊಬ್ಬರು ಮಗನಿಗೆ ಹೇಳುತ್ತಿದ್ದರು. ತಡೆಯಲಾಗದೆ ನಡುವೆ ಬಾಯಿ ಹಾಕಿದೆ. ಭಾರಕ್ಕಾದರೆ ನಾಲ್ಕು ಕಲ್ಲು ಸಾಕಿತ್ತಲ್ಲ!

ಗಾಳಿಪಟ ಹಾರಿಸಿದವರಿಗೆ ಗೊತ್ತು, ಇರುವುದೆಲ್ಲ ಸೂತ್ರದಲ್ಲಿ. ಸೂತ್ರ ಸರಿಯಾಗಿ ಕಟ್ಟಿದರೆ ಪಟ ಗಾಳಿಗೆ ಓರೆಯಾಗಿ ನಿಲ್ಲುತ್ತದೆ, ಗಾಳಿಯನ್ನು ಕೆಳಗೆ ತಳ್ಳಿ ತಾನು ಮೇಲೇರುತ್ತದೆ. ಅದೇ ಪಟವನ್ನು ಮಗ್ಗುಲಾಗಿಸಿ ನೀರಲ್ಲಿ ಎಳೆಯಿರಿ. ಮೇಲಕ್ಕಲ್ಲ, ಪಕ್ಕಕ್ಕೆ ಓಡುತ್ತದೆ. ಬಸ್ಸಿನ ಕಿಟಕಿಯಾಚೆ ಚಾಚಿದ ಅಂಗೈ ತುಸು ಓರೆಯಾದೊಡನೆ ತಾನಾಗಿ ಎದ್ದು ಹೋಗುವುದೂ ಇದರಿಂದಲೇ (ಮಾಡಬೇಡಿ, ಕಂಡಕ್ಟರ್ ಬೈಯುತ್ತಾರೆ). ಬಲೆಯ ಬಾಯಿಗೆ ಎಡಕ್ಕೊಂದು, ಬಲಕ್ಕೊಂದು ಹಲಗೆ. ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ ಎರಡೂ ಆಚೀಚೆ ಜಗ್ಗುತ್ತವೆ. ಗಾದೆಯಲ್ಲಿ ಕೆಲಸ ಕೆಡುತ್ತದೆ, ಇಲ್ಲಿ ಬಲೆ ಬಾಯಿ ತೆರೆಯುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಆದ್ದರಿಂದ ಬೋಟು ನಿಧಾನಕ್ಕೆ ಸಾಗಿದರೂ ಸಾಕು.

ಇಂಗ್ಲೆಂಡಿನ ಉಗಿ ಟ್ರಾಲರುಗಳಿಗೆ ಮೊದಲು ಈ ಭಾಗ್ಯವಿರಲಿಲ್ಲ. 1881ರಲ್ಲಿ ಗ್ರಿಮ್ಸ್‌ಬಿ ಬಂದರಿಗಾಗಿ ಕಟ್ಟಿದ 'ಝೋಡಿಯಾಕ್' ಕೂಡ ಹಾಯಿದೋಣಿಗಳಂತೆ ಬಲೆಯ ಬಾಯಿಗೆ ಮರದ ತೊಲೆ ಕೊಟ್ಟೇ ಎಳೆಯುತ್ತಿತ್ತು. ಬಾಯಿ ಹಿಗ್ಗಬೇಕೆಂದರೆ ತೊಲೆ ಉದ್ದವಾಗಬೇಕು, ಅದನ್ನು ಅಲೆಗಳ ನಡುವೆ ಹಡಗಿಗೆ ಏರಿಸಲೂಬೇಕು. 1890ರ ದಶಕದಲ್ಲಿ ಹಲಗೆ ಬಂತು, ತೊಲೆ ಹೋಯಿತು. ಹಲಗೆ ಸೆಟೆದು ನಿಲ್ಲಲು ಎಡೆಬಿಡದ ಎಳೆತ ಬೇಕು. ಗಾಳಿ ನಿಂತರೆ ಹಾಯಿ ಸೋಲುತ್ತದೆ, ಕಲ್ಲಿದ್ದಲು ಇರುವ ತನಕ ಉಗಿ ಸೋಲದು.

ಇಂಗ್ಲೆಂಡಿನದೇ ಹಲ್ ಬಂದರಿನ ಉಗಿ ಟ್ರಾಲರು 'ವಯೋಲ' 1906ರಲ್ಲಿ ಕಟ್ಟಿದ್ದು. ಮಾಲೀಕರಿಗೆ ಹಡಗುಗಳಿಗೆ ಶೇಕ್ಸ್‌ಪಿಯರನ ಪಾತ್ರಗಳ ಹೆಸರಿಡುವ ಚಟ! ವಾರಗಟ್ಟಲೆ ಉತ್ತರ ಸಮುದ್ರದಲ್ಲೇ ಠಿಕಾಣಿ. ಹಿಡಿದ ಮೀನನ್ನು ಪೆಟ್ಟಿಗೆಗೆ ತುಂಬಿ, ಪುಟ್ಟ ದೋಣಿಯಲ್ಲಿ ಹುಟ್ಟು ಹಾಕುತ್ತ ಹೋಗಿ, ಲಂಡನ್ನಿನ ಮಾರುಕಟ್ಟೆಗೆ ಓಡುವ ಹಡಗಿಗೆ ದಾಟಿಸಬೇಕು. ಈ ದಾಟಿಸುವಾಟದಲ್ಲಿ ಸಮುದ್ರದ ಪಾಲಾದವರು ಬಹಳ. ಮೊದಲ ಮಹಾಯುದ್ಧದಲ್ಲಿ ಬಂದೂಕು ಹೊತ್ತು ಜಲಾಂತರ್ಗಾಮಿಗಳ ಬೇಟೆಗೂ ಹೋದ ಈ ಹಡಗು, ಆಮೇಲೆ ತಿಮಿಂಗಿಲದ ಬೇಟೆಗಾರರ ಕೈ ಸೇರಿ, ಈಗ ದಕ್ಷಿಣ ಅಟ್ಲಾಂಟಿಕ್ ಸಾಗರದ ದಕ್ಷಿಣ ಜಾರ್ಜಿಯಾ ದ್ವೀಪದ ಗ್ರಿಟ್‌ವಿಕೆನ್ ದಡದಲ್ಲಿ ತುಕ್ಕು ಹಿಡಿದು ಕೂತಿದೆ. ಒಳಗೆ ಹಳೆಯ ಉಗಿ ಎಂಜಿನ್ ಇನ್ನೂ ಇದೆ.

ಹಲಗೆಯ ಮಾತಿಗೆ ಬರೋಣ. 1907ರಲ್ಲಿ ಗ್ರಿಮ್ಸ್‌ಬಿಗೆ ಹೋದ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಬೆರೆಸ್‌ಫರ್ಡ್, ಸಮುದ್ರದ ಮೈನುಗಳನ್ನು (ಹಡಗು ಒಡೆಯಲು ನೀರಲ್ಲಿ ಇಡುವ ಸಿಡಿಗುಂಡುಗಳನ್ನು) ಗುಡಿಸಿ ತೆಗೆಯಲು ಟ್ರಾಲರುಗಳೇ ತಕ್ಕವು ಎಂದ. ತಂತಿಹಗ್ಗ ಎಳೆಯುವ ವಿಂಚು, ಎಂಥ ಕಡಲಿಗೂ ಜಗ್ಗದ ಜನ ಎರಡೂ ಅಲ್ಲೇ ಇದ್ದವಲ್ಲ. ಮೈನನ್ನು ಬಲೆಯಲ್ಲಿ ಹಿಡಿಯುತ್ತಿದ್ದರು ಎಂದುಕೊಂಡವರಿದ್ದಾರೆ. ಹಿಡಿದು ಹಡಗಿಗೆ ಎಳೆದುಕೊಳ್ಳುವುದಾ! 1914ರಲ್ಲಿ ಎರಡು ಟ್ರಾಲರುಗಳು ದೂರ ದೂರ ಸಾಗುತ್ತ ನಡುವೆ ಒಂದೇ ತಂತಿಹಗ್ಗ ಎಳೆದವು. ಅದು ಮೇಲೇಳದಂತೆ ಆಳದಲ್ಲಿ ಹಿಡಿದದ್ದು ಮತ್ತೊಂದು ಓರೆ ಹಲಗೆ, ಈ ಸಲ ಕೆಳಮುಖವಾಗಿ. ನಾವಿಕರು ಅದನ್ನು ಗಾಳಿಪಟ ಎಂದೇ ಕರೆದರು. ಲಂಗರಿಗೆ ಕಟ್ಟಿದ ಮೈನಿನ ಹಗ್ಗ ಈ ತಂತಿಗೆ ಸಿಕ್ಕಿ ತುಂಡಾದರೆ ಮೈನ್ ಬುಳುಕ್ಕನೆ ಮೇಲೆ ಬರುತ್ತದೆ, ದೂರದಿಂದ ರೈಫಲಿನಲ್ಲಿ ಹೊಡೆಯುತ್ತಾರೆ. ಭರತದ ಹೊತ್ತಿನಲ್ಲೇ ಹೊರಡುವುದು ಲೇಸು. ಇಳಿತದಲ್ಲಿ ಟ್ರಾಲರಿನ ತಳವೇ ಮೈನಿನ ಸೀಸದ ಕೊಂಬಿಗೆ ತಾಗೀತು, ತಾಗಿದರೆ ಮೈನ್ ಸಿಡಿಯುತ್ತದೆ.

ಮುಂದೆ 'ಒರೊಪೆಸಾ' ಎಂಬ ಟ್ರಾಲರಿನಲ್ಲಿ ಹೊಸ ಏರ್ಪಾಡು ಹುಟ್ಟಿತು. ಕೆಳಕ್ಕೆ ಜಗ್ಗುವ ಒಂದು ಗಾಳಿಪಟ, ಪಕ್ಕಕ್ಕೆ ಜಗ್ಗುವ ಇನ್ನೊಂದು. ಹಗ್ಗದ ಇನ್ನೊಂದು ತುದಿ ಹಿಡಿಯಲು ಜೋಡಿ ಹಡಗೇ ಬೇಡವಾಯಿತು.

1939ರಲ್ಲಿ ಜರ್ಮನಿ ಕಾಂತೀಯ ಮೈನುಗಳನ್ನು ಹಾಕಿತು. ಅವು ಕಡಲ ತಳದಲ್ಲಿ ಮಲಗಿ, ಮೇಲೆ ಹಾಯುವ ಉಕ್ಕಿನ ಹಡಗಿನ ಕಾಂತಕ್ಷೇತ್ರಕ್ಕೇ ಸಿಡಿಯುತ್ತಿದ್ದವು. ಕತ್ತರಿಸೋಣವೆಂದರೆ ಅವಕ್ಕೆ ಹಗ್ಗವೇ ಇರಲಿಲ್ಲ.